ಹಿಂದಿನ ಕಿಟಕಿಯ ಹೊಲಿಗೆ

ಕನಕಪುರದಲ್ಲಿರುವ ನನ್ನ ಬ್ಲೌಸ್ ಅಂಗಡಿಯ ಹುಡುಗಿಯರು ಬೆನ್ನ ಹಿಂದೆ ನನಗೆ ಸೂಜಿ ಆಂಟಿ ಅಂತ ಹೆಸರಿಟ್ಟಿದ್ದಾರೆ. ಯಾವ ಮಿಷನ್ನಿನ ಸದ್ದು ಚೂರು ಬದಲಾದರೂ ನನ್ನ ಕಿವಿಗೆ ಬೀಳುತ್ತದೆ. ಕತ್ತರಿಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಅವರು ಬಾಯಿ ತೆರೆಯುವ ಮೊದಲೇ ಹೊಸ ಸೂಜಿಯನ್ನು ಮುಂದಿಡುತ್ತೇನೆ. ಹಳೆಯದು ಇನ್ನೂ ಚೆನ್ನಾಗಿದೆ ಅಂದರೂ ಕೇಳುವುದಿಲ್ಲ. ನನ್ನ ಗಂಡನ ಲೆಕ್ಕದಲ್ಲಿ ಇದು ಶೋಕಿ. ಬೇರೆ ವಿಷಯದಲ್ಲಿ ನಾನು ಕೈ ಬಿಗಿಯವಳೇ, ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸುವವಳು, ಸೊಪ್ಪಿನವಳ ಹತ್ತಿರ ಜಗಳಕ್ಕೆ ನಿಲ್ಲುವವಳು. ಆದರೆ ಮೊಂಡಾದ ಸೂಜಿ, ಎಳೆದರೆ ಹರಿಯುವ ಪುಸುಕಲು ದಾರ ಕಣ್ಣಿಗೆ ಬಿದ್ದರೆ ಕಿತ್ತು ಬಿಸಾಡದೆ ಬಿಡುವುದಿಲ್ಲ. ನೋಡುವವರಿಗೆ ಅದು ಸಿಟ್ಟಿನಂತೆ ಕಾಣುತ್ತದೆ, ಒಳಗೆ ಇರುವುದು ಹೆದರಿಕೆ. ಅದು ನನ್ನೊಳಗೆ ಹೊಕ್ಕಿದ್ದು ಮರಳವಾಡಿ ಕಡೆಯ ನಮ್ಮ ಹಳೆಯ ಮನೆಯಲ್ಲಿ, ನಾನಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ.

ನಮ್ಮದು ಉದ್ದದ ಮನೆ. ಬೀದಿಗೆ ಜಗಲಿ, ಅದನ್ನು ದಾಟಿದರೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಹುಳದ ಮನೆ. ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಒಂದೇ ಕೋಣೆಯನ್ನು ರೇಷ್ಮೆಹುಳಕ್ಕೆ ಬಿಟ್ಟುಕೊಟ್ಟು ನಾವು ನಡುಮನೆಯ ಕತ್ತಲಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದೆವು. ನಾವು ಅಂದರೆ ಅಪ್ಪ ಸಿದ್ದೇಗೌಡ, ಅವ್ವ ಜಯಮ್ಮ, ಅಪ್ಪನ ತಾಯಿ ನಂಜಜ್ಜಿ ಮತ್ತು ನಾನು, ಗೌರಿ. ಹುಳಕ್ಕೆ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಊದುಬತ್ತಿಯೂ ಆಗದು. ಹಾಗಾಗಿ ಹುಳ ಇರುವಷ್ಟು ಕಾಲ ನಮ್ಮ ಮನೆಯಲ್ಲಿ ಉಪ್ಪುಸಾರೇ ಸಾರು, ದೇವರಿಗೆ ಬರೀ ಹೂವೇ ಪೂಜೆ, ಅಪ್ಪನ ಬೀಡಿಗೆ ಜಗಲಿಯಿಂದಾಚೆಗೇ ಜಾಗ. ಹುಳಗಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಕೂತುಬಿಟ್ಟಾಗ ಜ್ವರಕ್ಕೆ ಕೂತಿವೆ ಎನ್ನುತ್ತಿದ್ದರು. ಆಗ ನಾವೂ ಜ್ವರದ ಮನೆಯವರಂತೆ ದನಿ ತಗ್ಗಿಸಿ ಮಾತಾಡುತ್ತಿದ್ದೆವು. ಹುಳದ ಮನೆಯ ಉಸಾಬರಿಯೆಲ್ಲ ಅವ್ವನದು. ಸೊಪ್ಪು ತಂದು ಹಾಕುವುದು ಅಪ್ಪನ ಕೆಲಸವಾದರೆ, ತಟ್ಟೆ ಬದಲಿಸುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ಎಲ್ಲ ಅವಳ ಕೈಯಲ್ಲೇ ಆಗಬೇಕು. ಆದರೆ ಮನೆಯೊಳಗೆ ಒಂದು ಮೊಳ ದಾರ ಬೇಕಾದರೂ ಅಜ್ಜಿಯ ಮುಂದೆ ನಿಲ್ಲಬೇಕಿತ್ತು.

ಅಜ್ಜಿಯ ಹತ್ತಿರ ತಗಡಿನ ಬಿಸ್ಕತ್ತು ಡಬ್ಬಿಯೊಂದಿತ್ತು. ನಮ್ಮ ಸೂಜಿ, ದಾರ, ಕತ್ತರಿ, ಗುಂಡಿ ಎಲ್ಲದರ ಸಂಸಾರವೂ ಅದರೊಳಗೇ. ಅಜ್ಜಿ ಊರಿಗೆಲ್ಲ ಹೆಸರಾದ ಕೌದಿ ಹೊಲಿಯುವವಳು. ಬಾಣಂತಿಗೆ ಹಾಸಲು, ಕೂಸಿಗೆ ಹೊದಿಸಲು ಹಳೆಯ ಸೀರೆಗಳ ಗಂಟನ್ನು ತಂದು ನಮ್ಮ ಜಗಲಿಯ ಮೇಲೆ ಇಟ್ಟುಹೋಗುತ್ತಿದ್ದರು. ಅಷ್ಟು ಕೌದಿಗಳನ್ನು ಅಜ್ಜಿ ಹೊಲಿದದ್ದು ಒಂದೇ ದಬ್ಬಳದಲ್ಲಿ. ಆ ದಪ್ಪ ಸೂಜಿಯನ್ನು ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ ಕೊಟ್ಟಿದ್ದಂತೆ. "ಇದು ಕಳದ್ರೆ ನಂಗೆ ಬಂದು ಹೇಳು" ಅಂದಿದ್ದಳಂತೆ. ಹೇಳಬೇಕಾದ ದಿನವೇ ಬರಲಿಲ್ಲ ಎಂಬುದು ಅಜ್ಜಿಯ ಹೆಮ್ಮೆ. ದಬ್ಬಳ ಸವೆದು ಸವೆದು ಗಿಡ್ಡವಾಗಿತ್ತು, ಮೊನೆ ಮೊಂಡಾದಾಗಲೆಲ್ಲ ಬಾವಿಕಟ್ಟೆಯ ಕಲ್ಲಿಗೆ ಉಜ್ಜುತ್ತಿದ್ದಳು, ಬಾಗಿದರೆ ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡುತ್ತಿದ್ದಳು. ಕತ್ತರಿಯ ನಡುವಿನ ತಿರುಪು ಯಾವತ್ತೋ ಬಿದ್ದುಹೋಗಿ ಆ ಜಾಗದಲ್ಲಿ ಮೊಳೆಯೊಂದು ಕೂತಿತ್ತು. ಅದು ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. ಬೆರಳಿಗೆ ಸೂಜಿ ಚುಚ್ಚದಂತೆ ಸುತ್ತಿಕೊಳ್ಳಲು ಸೈಕಲ್ ಟ್ಯೂಬಿನ ತುಂಡು. ಇನ್ನು ದಾರ ಬರುತ್ತಿದ್ದದ್ದು ಬೂಸಾ ಮೂಟೆಯ ಬಾಯಿಂದ. ಮೂಟೆಯ ಬಾಯಿಗೆ ಹಾಕಿದ ಹೊಲಿಗೆಯಲ್ಲಿ ಸರಿಯಾದ ತುದಿ ಹಿಡಿದು ಎಳೆದರೆ ಅಷ್ಟೂ ದಾರ ಸರ್ರನೆ ಒಂದೇ ಸಲಕ್ಕೆ ಬಿಚ್ಚಿಕೊಂಡು ಬರುತ್ತದೆ, ತಪ್ಪು ತುದಿ ಹಿಡಿದರೆ ಬಿಗಿದುಕೊಳ್ಳುತ್ತದೆ. ಅಜ್ಜಿಯ ಕೈ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ. ಆ ದಾರಕ್ಕೆ ಜೇನುಮೇಣ ಸವರಿ, ತೊಡೆಯ ಮೇಲೆ ಹೊಸೆದು, ಉಂಡೆ ಕಟ್ಟಿ ಇಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು. ಬೆಳಗಾಗುವಷ್ಟರಲ್ಲಿ ಕೌದಿಯ ಹೊಲಿಗೆ ಎಲ್ಲಾದರೂ ಬಿಟ್ಟು, ನನ್ನ ಕಾಲ್ಬೆರಳು ದಾರದ ಕುಣಿಕೆಗೆ ಸಿಕ್ಕಿಕೊಂಡಿರುತ್ತಿತ್ತು. ಅಜ್ಜಿ ಅದನ್ನು ಬಿಡಿಸಿ ಅಲ್ಲೇ ಹೊಲಿದುಬಿಡುವಳು. ನನಗೆ ಅದೊಂದು ಆಟವಾಗಿತ್ತು.

ಅವ್ವನಿಗೆ ಅದು ಆಟವಾಗಿರಲಿಲ್ಲ. ಹುಳದ ಮನೆಗೆ ದೊಡ್ಡ ಶತ್ರು ಊಜಿ ನೊಣ. ಮನೆಯ ನೊಣಕ್ಕಿಂತ ಕೊಂಚ ದೊಡ್ಡದು. ಅದು ಒಂದು ಒಳಗೆ ಬಂದರೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆಯಿಂದ ಬಂದ ಮರಿ ಹುಳದೊಳಗೆ ಹೊಕ್ಕು ತಿನ್ನುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಹಾಗೂ ಹುಳ ಬದುಕಿ ಗೂಡು ಕಟ್ಟಿದರೆ ಆ ಮರಿ ಗೂಡನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗದು, ರಾಮನಗರದ ಮಾರುಕಟ್ಟೆಯಲ್ಲಿ ಅದನ್ನು ಕಸದ ಜೊತೆ ಪಕ್ಕಕ್ಕೆ ತಳ್ಳುತ್ತಾರೆ. ಅದಕ್ಕೇ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ. ಹಿಂದಿನ ಕಿಟಕಿ ದೊಡ್ಡದಾಗಿದ್ದರಿಂದ ಬಲೆಯ ಒಂದು ಪನ್ನದ ಅಗಲ ಸಾಲದೆ ಎರಡು ಪನ್ನಗಳನ್ನು ನಡುವೆ ಸೇರಿಸಿ ಹೊಲಿದಿತ್ತು. ಹೊಲಿದವಳು ಅಜ್ಜಿ, ಬೂಸಾ ಮೂಟೆಯ ದಾರದಲ್ಲಿ. ಪ್ರತಿ ಬೆಳೆ ಮುಗಿದ ಮೇಲೆ ಬಲೆಗಳನ್ನು ಬಿಚ್ಚಿ, ಬ್ಲೀಚಿಂಗ್ ಪುಡಿ ಕದಡಿದ ನೀರಿನ ಡ್ರಮ್ಮಿನಲ್ಲಿ ನೆನೆಹಾಕಿ, ಒಣಗಿಸಿ ಮತ್ತೆ ಕಟ್ಟಬೇಕು. ಆ ನೀರು ನೈಲಾನಿಗೆ ಏನೂ ಮಾಡುವುದಿಲ್ಲ. ಮೂಟೆಯ ಹತ್ತಿ ದಾರವನ್ನು ಮಾತ್ರ ತಿನ್ನುತ್ತಾ ಬರುತ್ತದೆ. ಅವ್ವ ಹೊಸ ನೈಲಾನ್ ದಾರ ಕೇಳಿದಾಗಲೆಲ್ಲ ಅಜ್ಜಿ ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ತೋರಿಸುತ್ತಿದ್ದಳು.

"ಕಲ್ಲಂಗೈತೆ. ಯಾಕಮ್ಮಿ ಹೊಸ ದಾರ?"

"ಅತ್ತೆ, ನಾನು ಕೇಳ್ತಿರೋದು ಬಲೆಗಲ್ಲ, ಹೊಲಿಗೆಗೆ."

"ಹೊಲಿಗೆ ಹಾಕಿರೋಳು ನಾನು. ಈ ಊರಲ್ಲಿ ನನ್ನ ಹೊಲಿಗೆ ಬುಡ್ತು ಅಂದೋರು ಯಾರೂ ಇಲ್ಲ."

ಇದು ದುಡ್ಡಿಲ್ಲದ ಮನೆಯ ಮಾತಲ್ಲ. ಅಪ್ಪ ಸಂತೆಗೆ ಹೋದಾಗ ಒಂದು ರೀಲು ತಂದುಬಿಡಬಹುದಿತ್ತು. ಆದರೆ ತಂದರೆ ತಾಯಿಯ ಕೈಕೆಲಸವನ್ನು ಹೀಗಳೆದಂತೆ, ತಾರದಿದ್ದರೆ ಹೆಂಡತಿಯ ಮಾತನ್ನು ತಳ್ಳಿಹಾಕಿದಂತೆ. ಅಪ್ಪ ಎರಡೂ ಕಡೆ ತಲೆಯಾಡಿಸಿ ಹಿಪ್ಪುನೇರಳೆ ತೋಟಕ್ಕೆ ಹೊರಟುಬಿಡುತ್ತಿದ್ದ. ನನಗೆ ಇವತ್ತಿಗೂ ಆ ತಲೆಯಾಡಿಸುವಿಕೆಯ ಮೇಲೆ ಸಿಟ್ಟಿದೆ.

ಮೊದಲ ಸಲ ನೊಣ ಒಳಗೆ ಬಂದಾಗ ಅದನ್ನು ಕಂಡದ್ದು ಗೂಡು ಬಿಡಿಸುವ ಹೊತ್ತಿಗೆ. ಚಂದ್ರಿಕೆಯ ತುಂಬ ಬಿಳಿಯ ಗೂಡುಗಳು ತುಂಬಿಕೊಂಡಿದ್ದವು, ಹತ್ತಿರ ಹೋಗಿ ನೋಡಿದರೆ ಒಂದೊಂದರಲ್ಲೂ ತೂತು. ಕೆಳಗೆ ನೆಲದ ಮೇಲೆ ಹಳದಿ ಮರಿಗಳು ಹರಿದಾಡುತ್ತಿದ್ದವು. ಪಕ್ಕದ ಮನೆಯ ಚಿಕ್ಕತಾಯಮ್ಮನೂ ಹುಳ ಸಾಕುವವಳೇ. ಸುದ್ದಿ ಕೇಳಿ ಬಂದವಳು ಬಾಗಿಲಲ್ಲೇ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಬಾಗ್ಲು ಬುಟ್ಕೊಂಡು ಹೋಗಿರ್ಬೇಕು ಕಣವ್ವ. ಸೊಪ್ಪು ತರೋ ಆತುರದಲ್ಲಿ ಪರದೆ ಎಳಿಯೋಕೆ ಎಲ್ಲಿ ನೆಪ್ಪಿರ್ತದೆ?"

ಅವ್ವ ಎಲ್ಲ ಬಲೆಗಳನ್ನೂ ತಡವುತ್ತಾ ಹೋಗಿ ಹಿಂದಿನ ಕಿಟಕಿಯ ಹತ್ತಿರ ನಿಂತಳು. ನಡುವಿನ ಹೊಲಿಗೆ ಕೆಳಗಡೆ ಬೆರಳುದ್ದ ಬಿಟ್ಟುಕೊಂಡಿತ್ತು. ಅವಳು ಅದರೊಳಗೆ ಬೆರಳು ತೂರಿಸಿ ಅಜ್ಜಿಯ ಕಡೆ ತಿರುಗಿದಳು. ಈಗ ಅಜ್ಜಿ ಏನಾದರೂ ಹೇಳುತ್ತಾಳೆ ಎಂದು ನಾನು ಕಾದೆ. ಅಜ್ಜಿ ಹೇಳಿದ್ದು ಬೇರೆಯೇ.

"ನೆನೆಹಾಕುವಾಗ ಬಲೇನ ಎಮ್ಮೆ ಎಳ್ದಂಗೆ ಎಳ್ದಾಡಿದ್ರೆ ಬುಟ್ಕೊಳ್ದೆ ಇನ್ನೇನಾಯ್ತದೆ?"

ಚಿಕ್ಕತಾಯಮ್ಮನಿಗೆ ಅಷ್ಟೇ ಸಾಕಾಗಿತ್ತು. ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ, ಹಾಲಿನ ಡೇರಿಯ ಹತ್ತಿರ, ಸಿದ್ದೇಗೌಡರ ಹೆಂಡತಿ ಜಯಮ್ಮನ ಕೈಯಲ್ಲಿ ಬೆಳೆ ನಿಲ್ಲುವುದಿಲ್ಲ ಎಂಬ ಮಾತು ಓಡಾಡುತ್ತಿತ್ತು. ರೇಷ್ಮೆ ಸಾಕುವ ಊರಲ್ಲಿ ಹೆಂಗಸಿಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ. ಅಂಥವಳ ಕೈಯಿಂದ ಯಾರೂ ಆಗತಾನೆ ಮೊಟ್ಟೆಯೊಡೆದ ಚಾಕಿ ಹುಳದ ತಟ್ಟೆ ಮುಟ್ಟಿಸುವುದಿಲ್ಲ. ಒಬ್ಬರಿಗೊಬ್ಬರು ಮಾಡಿಕೊಡುವ ಮುಯ್ಯಿ ಕೆಲಸಕ್ಕೂ ಕರೆಯುವುದಿಲ್ಲ. ಅವ್ವ ಆವತ್ತು ಅಜ್ಜಿಗೆ ಮುದ್ದೆ ಬಡಿಸುವಾಗ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಅಜ್ಜಿ ಮುದ್ದೆ ಮುರಿಯದೆ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಮರುದಿನ ಅವ್ವ ತವರಿಗೆ ಹೊರಟು ನಿಂತಳು. ಚನ್ನಪಟ್ಟಣದ ಆಚೆ ದೊಡ್ಡಮಳೂರು ಅವಳ ತವರು. ನನ್ನನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಹೊಸಲಿನ ಮೇಲೆ ನಿಂತು ಅಪ್ಪನಿಗೆ ಹೇಳಿದ್ದನ್ನು ಅಜ್ಜಿಯೂ ಕೇಳಿಸಿಕೊಂಡಳು, ಕೇಳಲಿ ಅಂತಲೇ ಹೇಳಿದ್ದು.

"ಗೌರಿ ಅಪ್ಪಾ, ಆ ಬ್ಲೀಚಿಂಗ್ ನೀರ್ಗೆ ಹತ್ತಿ ದಾರ ತಡೆಯಕ್ಕಿಲ್ಲ. ಈ ಸರ್ತಿ ತಲೆ ಬಗ್ಗಿಸ್ಕೊಂಡು ವಾಪಸ್ ಬತ್ತೀನಿ. ಇನ್ನೊಂದ್ ಬೆಳೆ ನೊಣಕ್ಕೆ ಹೋಗಿ, ಅದೂ ನನ್ ತಲೆಗೇ ಬಂದ್ರೆ, ಮಗೀನ ಕರ್ಕೊಂಡು ಹೊಂಟೋಯ್ತೀನಿ. ಆಮೇಲೆ ಕರೆಯಾಕೆ ಬರಬ್ಯಾಡ."

ಅವ್ವ ಇಲ್ಲದ ದಿನಗಳಲ್ಲಿ ಅಜ್ಜಿ ಏನು ಮಾಡಿದಳು ಎಂಬುದನ್ನು ನಾನು ಕಣ್ಣಾರೆ ಕಂಡೆ, ಕಂಡು ಖುಷಿಯನ್ನೂ ಪಟ್ಟೆ. ತೂತು ಬಿದ್ದ ಗೂಡುಗಳ ರಾಶಿ ಹಿತ್ತಿಲಲ್ಲಿ ಬಿದ್ದಿತ್ತು. ಅಜ್ಜಿ ಅವನ್ನು ಬೂದಿ ನೀರಿನಲ್ಲಿ ಕುದಿಸಿ, ಹಿಂಡಿ, ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಗೂಡನ್ನು ಹತ್ತಿಯಂತೆ ಬಿಡಿಸಿ, ಎಳೆ ಎಳೆದು, ತೊಡೆಯ ಮೇಲೆ ಹೊಸೆಯತೊಡಗಿದಳು. ತುದಿ ಹಿಡಿದು ಹಿಂದಕ್ಕೆ ನಡೆಯುವುದು ನನ್ನ ಕೆಲಸ. ನಡುಮನೆಯಿಂದ ಜಗಲಿಯವರೆಗೆ ಕೆನೆ ಬಣ್ಣದ ಹೊಳೆಯುವ ನೂಲು ಉದ್ದವಾಗುತ್ತಾ ಹೋಯಿತು. ತಲೆತಲಾಂತರದಿಂದ ರೇಷ್ಮೆ ಬೆಳೆದ ಮನೆ ನಮ್ಮದು, ಆದರೆ ನಮ್ಮ ಮನೆಯೊಳಗೆ ರೇಷ್ಮೆಯ ನೂಲನ್ನು ನಾನು ಕಂಡದ್ದು ಅದೇ ಮೊದಲು. ಗೂಡು ಮೂಟೆಯಲ್ಲಿ ಹೋಗುತ್ತಿತ್ತು, ನೂಲು ಯಾರದೋ ಮನೆಯಲ್ಲಿ ಆಗುತ್ತಿತ್ತು. ಅಜ್ಜಿ ಆ ನೂಲನ್ನು ದಬ್ಬಳಕ್ಕೆ ಪೋಣಿಸಿ ಕಿಟಕಿಯ ಬಲೆಯನ್ನು ಮೇಲಿಂದ ಕೆಳಗಿನವರೆಗೆ ಒತ್ತೊತ್ತಾಗಿ ಹೊಲಿದಳು. ಮೊಂಡು ಮೊನೆ ಬಲೆಗೆ ಸಿಕ್ಕಿ ಕಿರುಗುಟ್ಟುತ್ತಿತ್ತು. ಹೊಲಿದಾದ ಮೇಲೆ ನನ್ನನ್ನು ಕರೆದು ಜೋತಾಡಲು ಹೇಳಿದಳು. ನಾನು ಜೋತಾಡಿದೆ. ಒಂದು ಎಳೆಯೂ ಅಲುಗಲಿಲ್ಲ. ಚಿಕ್ಕತಾಯಮ್ಮ ಬಂದು ಮುಟ್ಟಿ ನೋಡಿ, ಇಂಥ ಹೊಲಿಗೆ ಮಿಷನ್ನಿನಲ್ಲೂ ಬರದು ಅಂದಳು. ಅಪ್ಪನ ಮುಖದಲ್ಲೂ ಎಷ್ಟೋ ದಿನದ ಮೇಲೆ ನಗು ಕಂಡಿತು.

ಅವ್ವ ಬಂದಾಗ ಅಜ್ಜಿ ಅವಳನ್ನು ಚಪ್ಪಲಿ ಬಿಚ್ಚಲೂ ಬಿಡದೆ ಹಿಂದಿನ ಕಿಟಕಿಗೆ ಕರೆದೊಯ್ದಳು.

"ಹತ್ತಿ ತಡೆಯಕ್ಕಿಲ್ಲ ಅಂದ್ಯಲ್ಲ ಅಮ್ಮಿ, ಇದು ಹತ್ತಿಯಲ್ಲ. ಎಳಿ. ಎಳ್ದು ನೋಡು."

ಅವ್ವ ಬಲೆಯನ್ನು ಹಿಡಿದು ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಹೊಲಿಗೆ ಬಿಡಲಿಲ್ಲ. ಅವಳು ಬಲೆಯನ್ನು ಕೈಬಿಟ್ಟಳು. ಒಳಗೆ ಹೋಗಿ, ತಂದಿದ್ದ ಬಟ್ಟೆಯ ಚೀಲದಿಂದ ಏನನ್ನೋ ತೆಗೆದು ತನ್ನ ಮದುವೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಸೀರೆ ಇರಬೇಕು ಅಂದುಕೊಂಡೆ. ಮನೆಯಲ್ಲಿ ಜಗಳ ನಿಂತಿತು ಎಂಬುದಷ್ಟೇ ನನಗೆ ಬೇಕಾಗಿತ್ತು.

ಹೊಸ ಬೆಳೆಗೆ ಮುಂಚೆ ಎಂದಿನಂತೆ ಬಲೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಿದರು. ಬೆಳಿಗ್ಗೆ ತೆಗೆಯುವಾಗ ನಾನು ಅವ್ವನ ಪಕ್ಕದಲ್ಲಿದ್ದೆ. ಅವಳು ಹಿಂದಿನ ಕಿಟಕಿಯ ಬಲೆಯನ್ನು ಎತ್ತಿ, ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. ನೂಲು ಹಳದಿಗೆ ತಿರುಗಿ ಬೆಂಡೆಕಾಯಿ ಲೋಳೆಯಂತೆ ಜಾರುತ್ತಿತ್ತು. ಅವ್ವ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡಳು, ಮೂಸಿ ನೋಡಿದಳು. ಜಗಲಿಯಿಂದ ಅಜ್ಜಿ ಕೂಗಿದಳು.

"ರೇಸ್ಮೆ ನೆಂದ್ರೆ ಹಂಗೇಯ. ಒಣಗಿದ್ರೆ ಸರಿಹೋಯ್ತದೆ."

ಅವ್ವ ಬಲೆಯನ್ನು ಹಗ್ಗದ ಮೇಲೆ ಹರವಿದಳು. ಒಣಗಿದ ಮೇಲೆ ನೋಡುವುದಕ್ಕೆ ಅದು ಮೊದಲಿನಂತೆಯೇ ಕಂಡಿತು. ಅಪ್ಪ ಅದನ್ನು ಕಿಟಕಿಗೆ ಕಟ್ಟಿದ.

ಆ ಬೆಳೆಯ ಒಂದೊಂದು ದಿನವೂ ನನಗೆ ಹೊಟ್ಟೆನೋವಿನ ಹಾಗೆ ನೆನಪಿದೆ. ಅವ್ವ ಹುಳದ ಮನೆಗೆ ಹೋಗುವಾಗ, ಬರುವಾಗ ನನ್ನನ್ನು ಕರೆಯುತ್ತಿದ್ದಳು. ಬಾಗಿಲಿನ ಬಲೆಯ ಪರದೆಯನ್ನು ಎಳೆದು, ಅದರ ಅಂಚಿನ ಮೇಲೆ ಮರಳಿನ ಚೀಲ ಇಟ್ಟು, ನನ್ನ ಗಲ್ಲ ಹಿಡಿದು ಅತ್ತ ತಿರುಗಿಸುತ್ತಿದ್ದಳು.

"ಮುಚ್ಚಿದ್ನಾ?"

"ಮುಚ್ದೆ ಅವ್ವ."

"ಕಣ್ಣಾರೆ ನೋಡ್ದಾ?"

"ನೋಡ್ದೆ."

ಆಟದ ನಡುವೆ ಕರೆಯುತ್ತಿದ್ದಳು, ಉಣ್ಣುವಾಗ ಎಬ್ಬಿಸುತ್ತಿದ್ದಳು. ನಾನು ಒಂದು ಸಲ ಬರುವುದಿಲ್ಲ ಎಂದು ಹಟ ಮಾಡಿದ್ದಕ್ಕೆ ಬೆನ್ನಿಗೆ ಬಿತ್ತು. ಅಜ್ಜಿ ಇದನ್ನೆಲ್ಲ ಜಗಲಿಯ ಕಂಬಕ್ಕೆ ಒರಗಿ ಕೌದಿ ಹೊಲಿಯುತ್ತಾ ನೋಡುತ್ತಿದ್ದಳು. ಅವ್ವ ನನ್ನಿಂದ "ನೋಡ್ದೆ" ಅನ್ನಿಸಿದಾಗಲೆಲ್ಲ ಅಜ್ಜಿಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬಾಗಿಲಿಂದಲ್ಲ ಅಂದಮೇಲೆ ಇನ್ನೆಲ್ಲಿಂದ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಅವ್ವನ ಸಾಕ್ಷಿ, ಮಲಗುವುದು ಅಜ್ಜಿಯ ಕೌದಿಯೊಳಗೆ. ಹುಳಗಳು ಒಂದು ಜ್ವರ ಎದ್ದವು, ಇನ್ನೊಂದು ಎದ್ದವು. ಕಡೆಯ ಜ್ವರವೂ ಎದ್ದು ರಾಕ್ಷಸರಂತೆ ಸೊಪ್ಪು ಮೇಯತೊಡಗಿದಾಗ ಮನೆಯಲ್ಲಿ ಎಲ್ಲರೂ ಒಸಿ ಉಸಿರು ಬಿಟ್ಟರು. ಅಪ್ಪ ಚಂದ್ರಿಕೆಗಳನ್ನು ಬಿಸಿಲಿಗೆ ಇಟ್ಟ.

ಮರುದಿನ ಬೆಳಿಗ್ಗೆ ಮೇವು ಹಾಕಲು ಹೋದ ಅವ್ವ ಬಹಳ ಹೊತ್ತು ಹೊರಗೆ ಬಾರದಿದ್ದಾಗ ನಾನು ಪರದೆಯಾಚೆಯಿಂದ ಇಣುಕಿದೆ. ಅವಳು ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ನಿಂತಿದ್ದಳು. ಅದರ ಪಕ್ಕೆಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮೇಲೆ ಕಿಟಕಿಯ ಹತ್ತಿರ ನೊಣವೊಂದು ಗುಂಯ್ಯೆನ್ನುತ್ತಿತ್ತು. ಅಪ್ಪ ಬಂದ, ಸೊಪ್ಪಿನ ಹೊರೆಯನ್ನು ಅಲ್ಲೇ ಬಿಟ್ಟ. ಅವನ ಹಿಂದೆಯೇ ಚಿಕ್ಕತಾಯಮ್ಮನೂ ಬಂದಳು.

"ಮತ್ತೆ ಬಾಗ್ಲಾ ಜಯಾ?"

ಅವ್ವ ಹುಳವನ್ನು ತಟ್ಟೆಗೆ ಬಿಟ್ಟು ಹೊರಗೆ ಬಂದು ನನ್ನ ಭುಜ ಹಿಡಿದಳು.  ನಡುಮನೆಯಲ್ಲಿ ಅಪ್ಪ, ಚಿಕ್ಕತಾಯಮ್ಮ, ಜಗಲಿಯಿಂದ ಎದ್ದು ಬಂದ ಅಜ್ಜಿ. ಅಜ್ಜಿಯ ಎಡಗೈಯಲ್ಲಿ ಹೊಲಿಯುತ್ತಿದ್ದ ಕೌದಿ ನೆಲಕ್ಕೆ ಎಳೆಯುತ್ತಿತ್ತು.

"ಹೇಳು ಗೌರಿ. ಎಲ್ರ ಮುಂದೂ ಹೇಳು. ನಾನು ಬಾಗ್ಲು ಬುಟ್ಟಿದ್ನಾ?"

ನಾನು ಅವ್ವನ ಮುಖ ನೋಡಲಿಲ್ಲ, ಅಜ್ಜಿಯ ಮುಖ ನೋಡಿದೆ. ನಾನು ನಿಜ ಹೇಳಿದರೆ ಅಜ್ಜಿ ಊರವರ ಕಣ್ಣಲ್ಲಿ ಬೀಳುತ್ತಾಳೆ, ಸುಮ್ಮನಿದ್ದರೆ ಅವ್ವ ಟ್ರಂಕು ಎತ್ತುತ್ತಾಳೆ. ಅಷ್ಟು ಸಣ್ಣವಳಿಗೂ ಅದು ಅರ್ಥವಾಗಿತ್ತು. 

"ಇಲ್ಲ. ಯಾವತ್ತೂ ಬುಟ್ಟಿಲ್ಲ. ನಾನು ದಿನಾ ನೋಡಿದೀನಿ."

"ಮಗಿಗೆ ಹೇಳ್ಕೊಟ್ರೆ ಹೇಳ್ದೆ ಇರ್ತದಾ" ಅಂದಳು ಚಿಕ್ಕತಾಯಮ್ಮ.

ಅಜ್ಜಿ ಕೌದಿಯನ್ನು ಅಲ್ಲೇ ಬಿಟ್ಟು ನೇರವಾಗಿ ಹುಳದ ಮನೆಯೊಳಕ್ಕೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಅವಳ ಕಣ್ಣು ಮಂದ. ಹಿಂದಿನ ಕಿಟಕಿಯ ಬಲೆಯ ಮೇಲೆ ಅಂಗೈಯಿಟ್ಟು ಹೊಲಿಗೆಯುದ್ದಕ್ಕೂ ಕೆಳಕ್ಕೆ ಸವರುತ್ತಾ ಬಂದಳು. ಅವಳ ಕೈ ಹೋದ ಕಡೆಯೆಲ್ಲ ರೇಷ್ಮೆಯ ನೂಲು ಹಳೆಯ ಶಾವಿಗೆಯಂತೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಬ್ಲೀಚಿಂಗ್ ನೀರು ಹತ್ತಿಗಿಂತ ಬೇಗ ರೇಷ್ಮೆಯನ್ನು ತಿಂದಿತ್ತು. ಬಲೆಯ ಎರಡು ಪನ್ನಗಳು ಬೇರೆಯಾಗಿ, ನಡುವೆ ಹಿತ್ತಿಲಿನ ಬೆಳಕು ಕಂಡಿತು. ಅಜ್ಜಿ ಉದುರಿದ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡಿಕೊಂಡಳು. ಆಮೇಲೆ ತಿರುಗಿ, ಅವ್ವನಿಗಲ್ಲ, ಚಿಕ್ಕತಾಯಮ್ಮನಿಗೆ ಹೇಳಿದಳು.

"ಬಾಗ್ಲು ಮುಚ್ಚಿತ್ತು ಕಣೇ ತಾಯಮ್ಮ. ಹೋದ್ ಸರ್ತೀನೂ ಮುಚ್ಚೇ ಇತ್ತು. ಬುಟ್ಟಿದ್ದು ಹೊಲಿಗೆ. ಹೊಲ್ದೋಳು ನಾನು. ಊರಲ್ಲಿ ಹೇಳೋದಾದ್ರೆ ಹಿಂಗೇ ಹೇಳು."

ಅಜ್ಜಿ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಳು ಬಂತು. ಅವ್ವ ಗೆದ್ದಿದ್ದಳು, ಆದರೆ ಅವಳ ಮುಖದಲ್ಲಿ ಗೆದ್ದವಳ ಕಳೆಯಿರಲಿಲ್ಲ. ಅಜ್ಜಿ ಬಲೆಯ ಎರಡು ಅಂಚುಗಳನ್ನು ಒಟ್ಟು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದು ನೊಣ ಬಾರದಿರಲಿ ಎಂದು ಹಾಗೇ ಹಿಡಿದು ನಿಂತಳು.

"ಸಿದ್ದ, ಹೋಗ್ಲಾ. ಎಲ್ಲಾದ್ರೂ ನೈಲಾನ್ ದಾರ ತಕ್ಕೊಂಬಾ."

"ಈಗ ಹೊರಟ್ರೆ ಬರೋದು ಸಂಜೆ ಆಯ್ತದೆ ಅವ್ವ. ಬಸ್ಸೇ ಇಲ್ಲ" ಅಂದ ಅಪ್ಪ.

ಅವ್ವ ನಡುಮನೆಗೆ ಹೋದಳು. ಟ್ರಂಕಿನ ಬೀಗ ತೆಗೆದ ಸದ್ದು ಕೇಳಿತು. ತವರಿಗೆ ಹೊರಡುವುದಕ್ಕೆ ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಓಡಿದೆ. ಅವಳು ನನ್ನನ್ನು ದಾಟಿಕೊಂಡು ಮತ್ತೆ ಹುಳದ ಮನೆಗೆ ಬಂದಳು. ಕೈಯಲ್ಲಿ ನೀಲಿ ಬಣ್ಣದ ನೈಲಾನ್ ದಾರದ ರೀಲು ಇತ್ತು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ಜೊತೆಗೆ ಹೊಸ ದಬ್ಬಳ, ಕಾಗದದಲ್ಲಿ ಸುತ್ತಿದ್ದು. ಕಿಟಕಿಯ ಕಟ್ಟೆಯ ಮೇಲೆ ಎರಡನ್ನೂ ಇಟ್ಟಳು.

ಅಜ್ಜಿ ಅದನ್ನು ನೋಡಿದಳು. 

"ಯಾವತ್ತು ತಂದಿದ್ದು ಅಮ್ಮಿ?"

"ಮಳೂರಿಂದ ಬಂದೆನಲ್ಲ, ಆವತ್ತು."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟ. ಚಿಕ್ಕತಾಯಮ್ಮನಂಥ ಚಿಕ್ಕತಾಯಮ್ಮನೂ ಒಂದು ಮಾತಾಡದೆ ಹೊರಟುಹೋದಳು. ಇಷ್ಟು ದಿನವೂ ಆ ರೀಲು ಗೋಡೆಯ ಈಚೆಗೆ, ಟ್ರಂಕಿನಲ್ಲಿ ಬೀಗದೊಳಗೆ ಇತ್ತು. ಗೋಡೆಯ ಆಚೆ ಹೊಲಿಗೆ ಸಾಯುತ್ತಿತ್ತು. ಬೆರಳಿಗೆ ಹತ್ತಿದ ಲೋಳೆಯನ್ನು ಅವ್ವ ಮೂಸಿ ನೋಡಿದ್ದು ನನಗೆ ನೆನಪಾಯಿತು. ಅವ್ವನ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದಂಥ ಕೋಪ ಅಜ್ಜಿಯ ಮೇಲೆ ಯಾವತ್ತೂ ಬಂದಿರಲಿಲ್ಲ.

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಹೊಸ ದಬ್ಬಳವನ್ನೂ ದಾರವನ್ನೂ ನನ್ನ ಕಡೆ ಚಾಚಿ ಪೋಣಿಸಿಕೊಡು ಅಂದಳು. ನಾನು ಪೋಣಿಸಿದೆ. ಅವ್ವ ಹಿತ್ತಿಲಿಗೆ ಹೋಗಿ ಕಿಟಕಿಯ ಹೊರಗೆ ನಿಂತಳು, ಅಜ್ಜಿ ಒಳಗೆ. ಅಜ್ಜಿ ಬಲೆಯೊಳಗಿಂದ ಸೂಜಿ ಚುಚ್ಚಿ ಹೊರಗೆ ತಳ್ಳಿದರೆ ಅವ್ವ ಎಳೆದುಕೊಂಡು ಮುಂದಿನ ಕಣ್ಣಿನಿಂದ ಒಳಗೆ ತಳ್ಳುವಳು. ಹೊಸ ಮೊನೆ, ಕಿರುಗುಟ್ಟುವ ಸದ್ದೇ ಇಲ್ಲ. ಹೀಗೆ ಮೇಲಿಂದ ಕೆಳಗಿನವರೆಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಸೂಜಿ ಹೋಗಿ ಬಂತು. ಇಬ್ಬರ ಮುಖಗಳೂ ಒಂದು ಗೇಣಿನಷ್ಟು ಹತ್ತಿರವಿದ್ದವು, ನಡುವೆ ಬಲೆ. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಆಮೇಲೆ ನಾವ್ಯಾರೂ ಉಣ್ಣದೆ ಚುಕ್ಕೆ ಬಿದ್ದ ಹುಳಗಳನ್ನು ಆರಿಸಿ ಬಿಸಾಡಿದೆವು. ಉಳಿದ ಅರ್ಧ ಬೆಳೆ ಮಾರುಕಟ್ಟೆಗೆ ಹೋಯಿತು. ಅವ್ವ ತವರಿಗೆ ಹೋಗಲಿಲ್ಲ. ಊರಲ್ಲಿ ಅವಳ ಕೈಯ ಮೇಲೆ ಬಂದಿದ್ದ ಮಾತು ನಿಂತುಹೋಯಿತು, ಚಿಕ್ಕತಾಯಮ್ಮನೇ ಚಾಕಿ ತಟ್ಟೆ ಹಿಡಿದುಕೊಂಡು ಬಂದು ಅವಳನ್ನು ಕೆಲಸಕ್ಕೆ ಕರೆದಳು.

ಅಜ್ಜಿ ಬದಲಾದಳು ಎಂದರೆ ಸುಳ್ಳಾದೀತು. ಕೌದಿಗೆ ಅದೇ ಗಿಡ್ಡ ದಬ್ಬಳ, ಅದೇ ಮೂಟೆಯ ದಾರ ಮುಂದುವರಿಯಿತು. ಆ ದಿನ ಕೈಬಿಟ್ಟ ಕೌದಿಯನ್ನು ಮಾತ್ರ, ಬಲೆ ಹೊಲಿದು ಉಳಿದಿದ್ದ ನೀಲಿ ನೈಲಾನಿನಲ್ಲಿ ಮುಗಿಸಿ ನನಗೆ ಕೊಟ್ಟಳು. ಅದು ಈಗಲೂ ನನ್ನ ಮನೆಯಲ್ಲಿದೆ. ಸೀರೆಯ ಬಟ್ಟೆಯೆಲ್ಲ ಹರಿದು ಚಿಂದಿಯಾಗಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ. ಆ ರೀಲಿನ ವಿಷಯವನ್ನು ಅತ್ತೆಯಾಗಲಿ ಸೊಸೆಯಾಗಲಿ ಮತ್ತೆ ಎತ್ತಲಿಲ್ಲ. ಅಜ್ಜಿ ತೀರಿಕೊಂಡಾಗ ಅವ್ವ ಅವಳ ತಲೆದೆಸೆಯಲ್ಲಿ ಕೂತು ಯಾರಿಂದಲೂ ಸಮಾಧಾನಪಡಿಸಲಾಗದ ಹಾಗೆ ಅತ್ತಳು.

ಅಪ್ಪನೂ ಹೋದ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಹಗಲೆಲ್ಲ ಅಂಗಡಿಗೆ ಬಂದು, ಮೂಲೆಯ ಕುರ್ಚಿಯಲ್ಲಿ ಕೂತು ಬ್ಲೌಸುಗಳಿಗೆ ಹುಕ್ಕು ಹಾಕಿಕೊಡುತ್ತಾಳೆ. ಮೊನ್ನೆ ಹೊಸ ಹುಡುಗಿಯೊಬ್ಬಳ ಮಿಷನ್ನು ಟಕ್ ಟಕ್ ಎನ್ನತೊಡಗಿತು. ನಾನು ಎದ್ದು ಹೋಗಿ ಸೂಜಿ ಮುಂದಿಟ್ಟೆ. ಅವಳು, ನಾನು ಕೇಳಲೇ ಇಲ್ಲವಲ್ಲ ಆಂಟಿ ಎಂದು ನಕ್ಕಳು. ವಾಪಸ್ ಬಂದು ಅವ್ವನ ಹತ್ತಿರ ಕೂತ ನನಗೆ ಏನನ್ನಿಸಿತೋ, ಇಷ್ಟು ವರ್ಷ ಬಾಯಿಗೆ ಬಾರದ ಪ್ರಶ್ನೆ ಬಂದುಬಿಟ್ಟಿತು.

"ಅವ್ವ, ಆವತ್ತು ರೀಲು ಟ್ರಂಕಲ್ಲೇ ಇತ್ತಲ್ಲ. ಯಾಕೆ ಕೊಡ್ಲಿಲ್ಲ?"

ಯಾವ ರೀಲು ಎಂದು ಅವ್ವ ಕೇಳಲಿಲ್ಲ. ಕೈಯಲ್ಲಿದ್ದ ಹುಕ್ಕನ್ನು ಹಾಕಿ ಮುಗಿಸಿ, ದಾರಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕಡಿದಳು.

"ಅವ್ರು ಕೇಳ್ಲಿಲ್ಲ" ಅಂದಳು. ಇನ್ನೊಂದು ಹುಕ್ಕನ್ನು ಕೈಗೆತ್ತಿಕೊಂಡು, "ಒಂದ್ಸರ್ತಿ ಕೇಳಿದ್ರೆ ಕೊಟ್ಬುಡ್ತಿದ್ದೆ ಕಣವ್ವ. ದಿನಾ ಬೀಗದ ಕೈ ಸೊಂಟದಲ್ಲೇ ಇಟ್ಕೊಂಡು ಕಾಯ್ತಿದ್ದೆ" ಅಂದಳು.

ನಾನು ಎದ್ದು ಅವಳ ಕೈಯಿಂದ ಸೂಜಿಯನ್ನು ತೆಗೆದುಕೊಂಡೆ. ಮೊನೆ ಚೆನ್ನಾಗಿಯೇ ಇತ್ತು. ಆದರೂ ಹೊಸದಕ್ಕೆ ದಾರ ಪೋಣಿಸಿ ಕೊಟ್ಟೆ.